ಕಾಫಿ ಪುಡಿಯ ಬಾಕಿ ವಸೂಲಿ: ನಮಗೆ ಫಲಿಸಿದ ದಾರಿ

ಕೊಡಗಿನ ಗೋಣಿಕೊಪ್ಪದ ಕಡೆ ಹೆಂಗಸರ ಸಂಘದ ಕಾಫಿ ಪುಡಿ ಒಂದು ಮಳೆಗಾಲವೂ ದಾಟುವುದಿಲ್ಲ ಎಂದವರೇ ಈಗ ನಮ್ಮ ಲೆಕ್ಕ ಕೇಳುತ್ತಿದ್ದಾರೆ. ಹುರಿಯುವುದು, ಬೀಸುವುದು ನಿಮಗೆಲ್ಲ ಗೊತ್ತು. ವ್ಯಾಪಾರ ಕೆಡುವುದು ವಸೂಲಿಯಲ್ಲಿ.

ತೋಟದ ಮನೆಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. "ತೋಟದ ಕಾಫಿ ಮಾರಿದ ಮೇಲೆ ಕೊಡ್ತೀನಿ" ಎಂಬುದು ಇಲ್ಲಿ ಎಲ್ಲರೂ ಒಪ್ಪಿದ ವಾಯಿದೆ. ಮೇಲಾಗಿ ಒಕ್ಕದವರ (ಒಂದೇ ಮನೆತನದವರ) ಬಳಿ, ಅತ್ತೆಯ ತವರಿನವರ ಬಳಿ ಸೊಸೆ ಬಾಕಿ ಕೇಳುವ ಹಾಗಿಲ್ಲ. ರೋಬಸ್ಟಾ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೇಜಿ ಚೀಲಕ್ಕೆ ಹತ್ತು ಸಾವಿರ ರೂಪಾಯಿಯ ಆಸುಪಾಸಿದ್ದಾಗ ಆ ಚೀಲದಿಂದ ಬೀಜ ಸುಮಾರು 26 ಕೇಜಿ, ಹುರಿದು ಬೀಸಿದರೆ 21–22 ಕೇಜಿ ಪುಡಿ. ಕಚ್ಚಾ ಮಾಲಿನ ಖರ್ಚೇ ಪುಡಿಯ ಕೇಜಿಗೆ 470 ರೂಪಾಯಿಯ ಹತ್ತಿರ. ಅರವತ್ತು ಕೇಜಿ ಪುಡಿಯ ದುಡ್ಡು ನೆಂಟರಲ್ಲಿ ನಿಂತರೆ ಮುಂದಿನ ಚೀಲಕ್ಕೆ ಕಾಸಿಲ್ಲ. ಬೆಲೆ ಇಳಿಸಿದೆವು, ಸಾಲ ಇನ್ನೂ ಬೆಳೆಯಿತು. ಲೆಕ್ಕದ ಪುಸ್ತಕ ಇಟ್ಟೆವು, ಅದನ್ನು ತೋರಿಸಿದ್ದೇ ಮನಸ್ತಾಪಕ್ಕೆ ಕಾರಣವಾಯಿತು.

ಫಲಿಸಿದ್ದು ಇದು. ಮನೆಮನೆಗೆ ಕೊಡುವುದನ್ನು ಪೂರ್ತಿ ನಿಲ್ಲಿಸಿ, ಬೇರೆ ಊರಿನ ಸ್ವಸಹಾಯ ಸಂಘಗಳ ವಾರದ ಸಭೆಗೆ ಮಾತ್ರ ಪುಡಿ ಕೊಟ್ಟೆವು. ಈ ವಾರ ಉಳಿತಾಯದ ಜೊತೆಗೇ ಪುಡಿಯ ದುಡ್ಡು, ಮುಂದಿನ ವಾರ ಪುಡಿ. ಮಾರಿಕೊಟ್ಟದ್ದಕ್ಕೆ ಕೇಜಿಗೆ 20 ರೂಪಾಯಿ ಆ ಸಂಘದ ಖಾತೆಗೆ. ಒಬ್ಬಳ ಕೈಗೆ ಕೊಟ್ಟರೆ ಮಾತು ಬರುತ್ತದೆ. ನೆಂಟರೆದುರು ಬಾಕಿ ಕೇಳಲು ಬಿಡದ ಅದೇ ಮರ್ಯಾದೆ, ಸಭೆಯಲ್ಲಿ ಬಾಕಿ ಉಳಿಸಿಕೊಳ್ಳಲು ಬಿಡುವುದಿಲ್ಲ. ನೆಂಟರಿಗೂ ಬೇಕಿದ್ದರೆ ಅವರ ಸಂಘದ ಮೂಲಕವೇ.

ನಿಮ್ಮ ಸಂಘದ ಬ್ಯಾಂಕ್ ಖಾತೆಗೆ ಸಹಿ ಹಾಕುವವರು ಬೇರೆ ಬೇರೆ ಒಕ್ಕದವರಿರಲಿ, ಒಬ್ಬರು ಹಿರಿಯ ಅತ್ತೆಯೇ ಆಗಿರಲಿ. ಅವರು ಮುಂದೆ ನಿಂತರೆ ಸೊಸೆಯಂದಿರು ಸಂತೆಗೆ ಹೋದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಜಮ್ಮಾ ತೋಟದ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ತೋಟದ) ಪಹಣಿ ಪಟ್ಟೇದಾರರ, ಅಂದರೆ ಒಕ್ಕದ ಯಜಮಾನರ, ಹೆಸರಲ್ಲಿರುವಾಗ ಅದನ್ನು ನಂಬಿ ಬ್ಯಾಂಕಿಗೆ ಅಲೆಯಬೇಡಿ. ಸ್ವಸಹಾಯ ಸಂಘದ ಸಾಲಕ್ಕೆ 10 ಲಕ್ಷದವರೆಗೆ ಅಡಮಾನ ಬೇಕಿಲ್ಲ.

ನೇರವಾಗಿ ಕೊಡುವುದು ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ ಮಾತ್ರ: 50 ಗ್ರಾಂ ಪೊಟ್ಟಣ, ಚಿಕೋರಿ ನೂರಕ್ಕೆ 30 ಭಾಗ. ಬಟವಾಡೆಯ ದಿನವೇ ಹೋಗಬೇಕು, ಸಂತೆ ಕಳೆದರೆ ದುಡ್ಡಿರುವುದಿಲ್ಲ. ಹುರಿಯುವ ಹದ, ಪೀಬೆರಿಯ (ಹಣ್ಣಿನಲ್ಲಿ ಒಂದೇ ಆಗಿ ಬೆಳೆಯುವ ದುಂಡು ಬೀಜದ) ಪಾಲು ಎಷ್ಟೆಂಬ ಗುಟ್ಟು ನಮ್ಮಲ್ಲೇ ಇರಲಿ.

ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಯನ್ನೂ ಇದೇ ದಾರಿಯಲ್ಲಿ ಕಳಿಸಿದೆವು, ಹೋಗಲಿಲ್ಲ. ಅದು ನೆಂಟರ ಮನೆಯಿಂದ ಸುಮ್ಮನೆ ಬರುವ ವಸ್ತು, ಊರೊಳಗೆ ಕೊಳ್ಳುವ ರೂಢಿ ಕಡಿಮೆ. ಅದನ್ನೀಗ ಸಣ್ಣ ಬಾಟಲಿಯಲ್ಲಿ ಕುಶಾಲನಗರದ ಪ್ರವಾಸಿ ಅಂಗಡಿಗಳಿಗೆ ಕೊಡುತ್ತಿದ್ದೇವೆ, ಅದೂ ನಗದಿಗೆ ಮಾತ್ರ.