ಗುಜರಿ ಚೌಕಟ್ಟಿನ ಮೇಲೆ ಕೂತು ರೋಡ್ ಬೈಕ್ ಆರಿಸಿದ್ದು

ಕಳೆದ ಚಳಿಗಾಲದಲ್ಲಿ 200 ಕಿ.ಮೀ. ಬ್ರೆವೆಯನ್ನು (ಕೊಟ್ಟ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಸುಮಾರು 11 ಗಂಟೆ 50 ನಿಮಿಷಕ್ಕೆ ಮುಗಿಸಿದೆ. ಕೊಟ್ಟ ಅವಧಿ ಹದಿಮೂರೂವರೆ ಗಂಟೆ. ವಯಸ್ಸು ನಲವತ್ತೇಳು, ತೂಕ 81 ಕೆ.ಜಿ., ತುಳಿದದ್ದು ಎಲ್ಲ ಸೇರಿ 35 ಸಾವಿರದ ಸೈಕಲ್ಲು. ಜೊತೆಯಲ್ಲಿದ್ದ ಮೂವರದು ಲಕ್ಷ ದಾಟಿದ ಕಾರ್ಬನ್ ಬೈಕುಗಳು. ಅವರಲ್ಲಿಬ್ಬರು ನನಗಿಂತ ಹಿಂದೆ ಬಂದರು, ಒಬ್ಬರು ಕುತ್ತಿಗೆ ಹಿಡಿದುಕೊಂಡು ಅರ್ಧಕ್ಕೇ ನಿಂತರು. ಇದನ್ನು ಹೇಳಿಕೊಳ್ಳುವುದರಲ್ಲಿ ಸ್ವಲ್ಪ ಜಂಬವಿದೆ, ಇರಲಿ. ಎರಡು ವರ್ಷ ಅವರ ಬಾಯಿಂದ ಕೇಳಿದ ಮಾತುಗಳಿಗೆ ಇಷ್ಟು ಬಡ್ಡಿಯಾದರೂ ಬೇಡವೇ?

ಮೈಸೂರಿನ ಪಾಲಿಟೆಕ್ನಿಕ್ ಒಂದರ ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಕಾಲೇಜು ದಿನಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವುದು ನಮಗೆ ಕಾಫಿ ಕುಡಿದು ಬಂದಷ್ಟೇ ಸಲೀಸಾಗಿತ್ತು. ಕೆಲಸ, ಸ್ಕೂಟರು, ಮಕ್ಕಳು ಎಂದು ಇಪ್ಪತ್ತೆರಡು ವರ್ಷ ಸೈಕಲ್ ಮುಟ್ಟಲಿಲ್ಲ. ಸಕ್ಕರೆ ಗಡಿ ಮುಟ್ಟಿದೆ ಎಂದು ವೈದ್ಯರು ಹೇಳಿದ ವಾರವೇ ಹಳೆಯ ಹುಮ್ಮಸ್ಸು ಮರಳಿತು. ಹುಮ್ಮಸ್ಸಿನಲ್ಲಿ ಕೊಂಡದ್ದೇ ನನ್ನ ಮೊದಲ ತಪ್ಪು.

ಅದು ಹಳೆಯ ರೇಸಿಂಗ್ ಬೈಕು. ಚೌಕಟ್ಟಿನ ಅಳತೆ 56 ಸೆಂ.ಮೀ., ಮುಂದಿನ ಎರಡು ಗೇರುಚಕ್ರಕ್ಕೆ 53 ಮತ್ತು 39 ಹಲ್ಲು, ಹಿಂದೆ ಒಂಬತ್ತು ಸ್ಪೀಡಿನ 11ರಿಂದ 25 ಹಲ್ಲು, 23 ಎಂ.ಎಂ. ಟೈರು. ಹದಿನೆಂಟು ಸಾವಿರಕ್ಕೆ ಸಿಕ್ಕಿತು. ನನ್ನ ಎತ್ತರ ಐದಡಿ ಆರು ಇಂಚು. ಸೀಟು ಇಳಿಸಿದರೆ ಸಾಕು ಎಂದು ಮಾರಿದವರು ಹೇಳಿದರು, ನಾನೂ ನಂಬಿದೆ. ಫಿಟ್ಟರ್‌ಗಳಿಗೆ ಅಳತೆಯ ಪಾಠ ಹೇಳುವವನು ಅಂದು ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮೂರನೆಯ ವಾರದಿಂದ ಕಿರುಬೆರಳು ಜೋಮು ಹಿಡಿಯತೊಡಗಿತು. ಒಂಬೈನೂರು ರೂಪಾಯಿಗೆ 60 ಎಂ.ಎಂ. ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಚೌಕಟ್ಟಿಗೆ ಸೇರಿಸುವ ತುಂಡು) ತಂದು ಹಾಕಿದೆ. ಕೈ ಹತ್ತಿರ ಬಂತು, ಆದರೆ ಹ್ಯಾಂಡಲ್ ಕೋಳಿಯ ಕತ್ತಿನ ಹಾಗೆ ಅತ್ತಿತ್ತ ಹಾರಾಡತೊಡಗಿತು. ಸೀಟಿಗೆ ಜೆಲ್ ಕವರ್ ಹಾಕಿದೆ. ಮೊದಲ ಹತ್ತು ಕಿಲೋಮೀಟರ್ ಹಂಸತೂಲಿಕಾತಲ್ಪ, ಆಮೇಲೆ ತೊಡೆಯ ಸಂದಿಗೆಲ್ಲ ಉಜ್ಜಿ ಎರಡು ದಿನ ನೆಟ್ಟಗೆ ನಡೆಯಲಾಗಲಿಲ್ಲ. ಚಾಮುಂಡಿ ಬೆಟ್ಟದ ಸುಮಾರು ಐದು ಕಿಲೋಮೀಟರ್ ಏರಿಗೆ 41 ನಿಮಿಷ ಹಿಡಿಯಿತು, ಅದರಲ್ಲಿ ಎರಡು ಸಲ ಇಳಿದು ತಳ್ಳಿದ್ದೂ ಸೇರಿದೆ. 39ಕ್ಕೆ 25 ಹಲ್ಲಿನಲ್ಲಿ ಗಂಟೆಗೆ ಹತ್ತು ಕಿ.ಮೀ. ಏರಬೇಕಾದರೆ ಪೆಡಲ್ ನಿಮಿಷಕ್ಕೆ ಐವತ್ತು ಸುತ್ತಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದು ತುಳಿತವಲ್ಲ, ಮಂಡಿಯಿಂದ ಗಾಣ ತಿರುಗಿಸುವ ಕೆಲಸ. ಕೊನೆಗೆ ಹನ್ನೊಂದು ಸಾವಿರಕ್ಕೆ ಮಾರಿದೆ. ಸ್ಟೆಮ್, ಕವರ್ ಎಲ್ಲ ಸೇರಿ ಎಂಟು ಸಾವಿರ ಕೈ ಬಿಟ್ಟಿತು.

ಆಗ ಬಂದ ಸಲಹೆಗಳು ಎರಡೇ ಬಗೆ. ಒಂದು, ಎಪ್ಪತ್ತೈದು ಸಾವಿರದ ಹೊಸ ಬೈಕನ್ನು ಕಂತಿನಲ್ಲಿ ತೆಗೆದುಕೊಳ್ಳಿ ಮೇಷ್ಟ್ರೇ, ಅಗ್ಗದ್ದು ಕೊಂಡರೆ ಹೀಗೇ ಆಗುವುದು. ಇನ್ನೊಂದು, ಈ ವಯಸ್ಸಿನಲ್ಲಿ ಬಾಗಿದ ಹ್ಯಾಂಡಲ್ ಏಕೆ, ನೇರ ಹ್ಯಾಂಡಲಿನ ಹೈಬ್ರಿಡ್ ತೆಗೆದುಕೊಂಡು ಸುಮ್ಮನಿರಿ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ನೋವು ಕೊಟ್ಟದ್ದು ಬೆಲೆಯೂ ಅಲ್ಲ, ಬಾಗಿದ ಹ್ಯಾಂಡಲ್ಲೂ ಅಲ್ಲ, ನಾಲ್ಕು ಸೆಂಟಿಮೀಟರ್ ಹೆಚ್ಚಿನ ಉದ್ದ ಮತ್ತು ಹಿಂದಿನ ಗೇರಿನಲ್ಲಿ ಕಡಿಮೆ ಬಿದ್ದ ಒಂಬತ್ತು ಹಲ್ಲು ಎಂಬುದು ನನ್ನ ಗುಮಾನಿ. ಗುಮಾನಿಯನ್ನು ಅಳೆಯಬೇಕಿತ್ತು.

ಗುಜರಿಯಲ್ಲಿ ನಾನೂರು ರೂಪಾಯಿಗೆ ಒಂದು ಹಳೆಯ 22 ಇಂಚಿನ ಸೈಕಲ್ ಚೌಕಟ್ಟು ತಂದೆ. ಪೆಡಲಿನ ಕ್ರ್ಯಾಂಕು, ಚೈನು, ಹಿಂದಿನ ಚಕ್ರ ಅದರಲ್ಲೇ ಇದ್ದವು. ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಫೋರ್ಕ್ ತೆಗೆದು, ಆ ಜಾಗಕ್ಕೆ ಕಪಾಟು ಮಾಡುವ ತೂತಿನ ಆ್ಯಂಗಲ್ ಪಟ್ಟಿಗಳನ್ನು ಬೋಲ್ಟ್ ಮಾಡಿದೆ. ಒಂದೊಂದು ತೂತು ಬದಲಿಸಿದಂತೆ ಹ್ಯಾಂಡಲ್ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುತ್ತದೆ. ಹಿಂದಿನ ಚಕ್ರಕ್ಕೆ ಬ್ರೇಕ್ ರಬ್ಬರು ಸ್ವಲ್ಪ ತಾಗುವಂತೆ ಬಿಗಿ ಮಾಡಿದರೆ ತುಳಿಯಲು ಭಾರವೂ ಸಿಗುತ್ತದೆ. ರಬ್ಬರು ಸುಟ್ಟ ವಾಸನೆಗೆ ಮನೆಯವರು ಮೊದಲ ದಿನವೇ ಅದನ್ನು ಹಿತ್ತಿಲಿಗೆ ಅಟ್ಟಿದರು. ಗೆಳೆಯರು ಬಂದು ನೋಡಿ ಕಬ್ಬಿಣದ ಕುದುರೆ ಎಂದು ಹೆಸರಿಟ್ಟು ಫೋಟೊ ತೆಗೆದುಕೊಂಡು ಹೋದರು.

ಒಂದು ತಿಂಗಳು ದಿನಾ ರಾತ್ರಿ ಇಪ್ಪತ್ತು ನಿಮಿಷ ಅದರ ಮೇಲೆ ತುಳಿದೆ. ಸೀಟಿನ ಎತ್ತರಕ್ಕೆ ಎಲ್ಲರಿಗೂ ಗೊತ್ತಿರುವ ಲೆಕ್ಕವನ್ನೇ ಹಿಡಿದೆ: ಒಳಗಾಲಿನ ಅಳತೆ 79 ಸೆಂ.ಮೀ., ಅದಕ್ಕೆ 0.883 ಗುಣಿಸಿದರೆ 69.8. ಕೂತು ಕೆಲಸ ಮಾಡಿ ಬಿಗಿದುಕೊಂಡ ತೊಡೆಯ ಹಿಂಭಾಗಕ್ಕೆ ಅದು ಹೆಚ್ಚಾಯಿತು, 69ಕ್ಕೆ ಇಳಿಸಿದೆ. ಹ್ಯಾಂಡಲ್ ಜಾಗಕ್ಕೆ ಯಾವ ಸೂತ್ರವನ್ನೂ ನಂಬಲಿಲ್ಲ. ಪ್ರತಿ ಮೂರು ದಿನಕ್ಕೆ ಒಂದು ತೂತು ಬದಲಿಸಿ, ಮಾರನೆಯ ಬೆಳಿಗ್ಗೆ ಕುತ್ತಿಗೆ, ಅಂಗೈ, ಸೊಂಟಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಕೊನೆಗೆ ನಿಂತ ಅಂಕಿ: 90 ಎಂ.ಎಂ. ಸ್ಟೆಮ್ ಹಿಡಿದರೆ ಸ್ಟ್ಯಾಕ್ (ಕ್ರ್ಯಾಂಕ್ ನಡುವಿನಿಂದ ಚೌಕಟ್ಟಿನ ಮುಂದಿನ ಮೇಲ್ತುದಿಗೆ ಇರುವ ಎತ್ತರ) 545 ಎಂ.ಎಂ. ಆಸುಪಾಸು, ರೀಚ್ (ಅದೇ ಎರಡರ ನಡುವಿನ ಅಡ್ಡ ದೂರ) 375. ಮಾರಿದ ಆ ಬೈಕಿನ ರೀಚ್ 395 ಇತ್ತು, ಜೊತೆಗೆ 110ರ ಸ್ಟೆಮ್. ನನ್ನ ನಾಲ್ಕು ಸೆಂಟಿಮೀಟರ್ ಗುಮಾನಿ ಸುಳ್ಳಾಗಲಿಲ್ಲ.

ಇನ್ನು ಹುಡುಕಾಟ. ಬಜೆಟ್ ನಲವತ್ತು ಸಾವಿರ, ಆದರೆ ಅದರಲ್ಲಿ ಮೂರನೆಯ ಒಂದು ಭಾಗವನ್ನು ಬದಲಾವಣೆಗೆಂದೇ ಮುಟ್ಟದೆ ಎತ್ತಿಟ್ಟೆ. ಗೆಳೆಯರಿಗೆ ಇದೇ ಹುಚ್ಚು ಎನಿಸಿತು. ಅಷ್ಟೂ ಹಣಕ್ಕೆ ಹೊಸದೇ ಬರುತ್ತದಲ್ಲ ಎಂದರು. ಬರುತ್ತಿತ್ತು, ಏಳು ಸ್ಪೀಡಿನ ಟೂರ್ನಿ (ಶಿಮಾನೊ ಕಂಪನಿಯ ಅಗ್ಗದ ಗೇರು ಸೆಟ್ಟು) ಹಾಕಿದ್ದು. ಅಂಥ ಎರಡನ್ನು ಓಡಿಸಿ ನೋಡಿದೆ. ಅದರ ಶಿಫ್ಟರಿನಲ್ಲಿ ಒಂದು ಬದಿಯ ಬದಲಾವಣೆ ಹೆಬ್ಬೆರಳ ಗುಬುಟಿನಿಂದ ಆಗಬೇಕು. ಕೈ ಕೆಳಗಿನ ಬಾಗಿನಲ್ಲಿದ್ದಾಗ ಹೆಬ್ಬೆರಳು ಅಲ್ಲಿಗೆ ತಲುಪುವುದಿಲ್ಲ. ಒಂದರ ಹಿಂದಿನ ಚಕ್ರ ತಿರುಪಿ ಹಾಕುವ ಫ್ರೀವೀಲಿನದು. ಅದರಲ್ಲಿ ಬೇರಿಂಗು ಆ್ಯಕ್ಸಲ್ಲಿನ ತುದಿಯಿಂದ ದೂರ ಕೂರುತ್ತದೆ, ನನ್ನಂಥ ಭಾರದವರು ಗುಂಡಿಗೆ ಹಾಕಿದರೆ ಆ್ಯಕ್ಸಲ್ ಬಾಗುವ ಸಂಭವ ಹೆಚ್ಚು. ಹಗುರ ಮೈಯವರು, ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸುವವರು ಧಾರಾಳವಾಗಿ ಕೊಳ್ಳಬಹುದು, ಕೆಟ್ಟ ಬೈಕಲ್ಲ. ನನಗೆ ಮುಂದೆ ಗೇರು ಬದಲಿಸುವ ದಾರಿ ಬೇಕಿತ್ತು. ಹಾಗಾಗಿ ಎಂಟು ಸ್ಪೀಡಿನ ಕ್ಲಾರಿಸ್ (ಟೂರ್ನಿಗಿಂತ ಮೇಲಿನ ದರ್ಜೆಯ ಗೇರು ಸೆಟ್ಟು), ಅದೂ ಎರಡು ಲಿವರಿನ ಶಿಫ್ಟರ್, ಮುಂದೆ 50-34, ಹಿಂದೆ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಜಾರಿಸಿ ಕೂರಿಸುವ ಫ್ರೀಹಬ್, ಇಷ್ಟಿದ್ದರೆ ಮಾತ್ರ ಮುಂದಿನ ಮಾತು.

ಸೆಕೆಂಡ್ ಹ್ಯಾಂಡಿನಲ್ಲಿ ಒಟ್ಟು ಹದಿನಾಲ್ಕೋ ಹದಿನೈದೋ ನೋಡಿದೆ, ಮೂರು ಬೆಂಗಳೂರಿಗೆ ಹೋಗಿ. ಮಾರುವವರಿಗೆ ಫ್ರೇಮಿನ ಸ್ಟ್ಯಾಕ್ ಕೇಳಿದರೆ ಯಾವ ಬ್ಯಾಂಕಿನದು ಎನ್ನುವ ಮುಖ ಮಾಡುತ್ತಾರೆ. ಅದಕ್ಕೆ ನಾನೇ ಅಳೆಯುತ್ತಿದ್ದೆ. ಬೈಕಿನ ಹಿಂದಿನ ಚಕ್ರ ಗೋಡೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಬೇಕು. ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗೆ ನಿಂತ ಕೊಳವೆ) ಮೇಲ್ತುದಿಯ ನಡುವಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು, ಗೋಡೆಯಿಂದ ದಾರಕ್ಕೆ ಎಷ್ಟು, ಗೋಡೆಯಿಂದ ಕ್ರ್ಯಾಂಕ್ ನಡುವಿಗೆ ಎಷ್ಟು ಎಂದು ಕಳೆದರೆ ರೀಚ್. ನೆಲದಿಂದ ಎರಡರ ಎತ್ತರವನ್ನೂ ಕಳೆದರೆ ಸ್ಟ್ಯಾಕ್. ಐದು ನಿಮಿಷದ ಕೆಲಸ, ಮೂರು ನಾಲ್ಕು ಎಂ.ಎಂ. ಆಚೀಚೆ ಬಂದರೂ ಚಿಂತೆಯಿಲ್ಲ. ಅರ್ಧಕ್ಕರ್ಧ ಬೈಕುಗಳು ಇಲ್ಲೇ ಬಿದ್ದುಹೋದವು.

ಮಿಕ್ಕವನ್ನು ಉಳಿದ ಪರೀಕ್ಷೆಗಳು ನುಂಗಿದವು. ಒಂದರ ಕ್ರ್ಯಾಂಕಿನತ್ತ ಇಳಿಯುವ ಡೌನ್ ಟ್ಯೂಬಿನ ಕೆಳಗೆ, ಹೆಡ್ ಟ್ಯೂಬಿಗೆ ಸೇರುವಲ್ಲಿ ಬಣ್ಣ ಸುಕ್ಕಾಗಿತ್ತು. ಎಲ್ಲೋ ಗುದ್ದಿದೆ ಎಂದು ಅರ್ಥ, ಸುಮ್ಮನೆ ಟೀ ಕುಡಿದು ಬಂದೆ. ಒಂದರ ರಿಮ್ಮಿಗೆ ಉಕ್ಕಿನ ಸ್ಕೇಲ್ ಅಡ್ಡ ಹಿಡಿದರೆ ಬ್ರೇಕ್ ಸವೆದ ಜಾಗ ಬಟ್ಟಲಿನಂತೆ ತಗ್ಗಾಗಿತ್ತು. ಇನ್ನೊಂದು ಎಲ್ಲ ಸರಿ, ಬೆಲೆಯೂ ಸರಿ, ಸೀಟ್ ಪೋಸ್ಟ್ ಮಾತ್ರ ಅಲುಗಾಡಲಿಲ್ಲ. ವರ್ಷಗಟ್ಟಲೆ ಬೆವರು ಇಳಿದು ಹಿಡಿದುಕೊಂಡಿತ್ತು. ಎರಡು ಪೆಟ್ಟು ಹೊಡೆದರೆ ತೆಗೆಯಬಹುದು ಎಂದರು, ಅವರೇ ತೆಗೆದಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಅಳತೆ 52ರ ಅಲ್ಯುಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಸ್ಟ್ಯಾಕ್ 548, ರೀಚ್ 374. ನಾಲ್ಕೈದು ವರ್ಷದ್ದು, ಹೆಚ್ಚು ಕಾಲ ಬಾಲ್ಕನಿಯಲ್ಲೇ ನಿಂತದ್ದು. ಕೇಳಿದ್ದು 29, ಕೊಟ್ಟದ್ದು 24. ಐದು ಸಾವಿರ ಹೇಗೆ ಇಳಿಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಉಪಾಯ ಊರಿಗೆಲ್ಲ ಗೊತ್ತಾದರೆ ಮುಂದಿನ ಸಲ ನನಗೇ ನಡೆಯುವುದಿಲ್ಲ.

ಎತ್ತಿಟ್ಟ ಹಣ ಈಗ ಕೆಲಸಕ್ಕೆ ಬಂತು. ಮೊದಲು 11-34 ಕ್ಯಾಸೆಟ್, ಸಾವಿರದ ಮುನ್ನೂರು. ಆ ಬೈಕಿನಲ್ಲಿದ್ದದ್ದು ಗಿಡ್ಡ ಕೇಜಿನ ಡಿರೇಲರ್, ಅಂದರೆ ಗೇರು ಬದಲಿಸಿ ಚೈನಿನ ಸಡಿಲ ಎಳೆದಿಡುವ ತೋಳು ಗಿಡ್ಡದು. ಡಿರೇಲರನ್ನು ಕ್ಯಾಸೆಟ್ಟಿನಿಂದ ದೂರ ಹಿಡಿಯುವ ಬಿ ಸ್ಕ್ರೂವನ್ನು ಹಿಂದುಮುಂದಾಗಿ ಹಾಕಿದರೆ ನಡೆಯುತ್ತದೆ ಎಂದು ಕೇಳಿದ್ದೆ, ಮಾಡಿದೆ. ಸ್ಟ್ಯಾಂಡಿನ ಮೇಲೆ ನಡೆಯಿತು. ನಂಜನಗೂಡು ರಸ್ತೆಯಲ್ಲಿ ಮುಂದಿನ ದೊಡ್ಡ ಚಕ್ರಕ್ಕೆ ಹಿಂದಿನ ದೊಡ್ಡದು ಬಿದ್ದಾಗ ಚೈನು ತಂತಿಯ ಹಾಗೆ ಬಿಗಿದು, ಮೇಲಿನ ಪುಟ್ಟ ಚಕ್ರ ಕ್ಯಾಸೆಟ್ಟಿಗೆ ಉಜ್ಜಿ ಕರಕರ ಎಂದಿತು. ಡಿರೇಲರ್ ತೂಗುವ ಹ್ಯಾಂಗರ್ ಮುರಿಯದೆ ಉಳಿದದ್ದು ಅಲ್ಲಿನ ಶ್ರೀಕಂಠೇಶ್ವರನ ಕೃಪೆ. ಮುಂದೆ 16 ಹಲ್ಲಿನ ವ್ಯತ್ಯಾಸ, ಹಿಂದೆ 23, ಒಟ್ಟು 39 ಹಲ್ಲಿನ ಸಡಿಲವನ್ನು ಗಿಡ್ಡ ಕೇಜು ನುಂಗಲಾರದು ಎಂದು ಕೂಡಿ ನೋಡಬೇಕಾದವನು ನಾನೇ. ಉದ್ದ ಕೇಜಿನದು, ಬಳಸಿದ್ದು, ಸಾವಿರದ ನೂರಕ್ಕೆ ಸಿಕ್ಕಿತು. ಈಗ 34ಕ್ಕೆ 34, ಪೆಡಲಿಗೊಂದು ಸುತ್ತು, ಚಕ್ರಕ್ಕೊಂದು ಸುತ್ತು. ನಿಮಿಷಕ್ಕೆ ಎಪ್ಪತ್ತು ತುಳಿದರೆ ಗಂಟೆಗೆ ಹೆಚ್ಚುಕಡಿಮೆ 9 ಕಿಲೋಮೀಟರ್. ಇದನ್ನು ಅಜ್ಜಿ ಗೇರು ಎಂದು ನಗುವವರಿದ್ದಾರೆ. ಅಜ್ಜಿಯ ಜೊತೆ ನಾನು ಈಗ ಬೆಟ್ಟವನ್ನು 28 ನಿಮಿಷಕ್ಕೆ ಹತ್ತುತ್ತೇನೆ, ನಂದಿ ವಿಗ್ರಹಕ್ಕೆ ದಾರಿ ಒಡೆಯುವಲ್ಲಿ ಮಾತಾಡುವಷ್ಟು ಉಸಿರೂ ಇರುತ್ತದೆ.

ಟೈರು 28 ಎಂ.ಎಂ., ಜೋಡಿಗೆ ಮೂರು ಸಾವಿರದ ನಾನೂರು. 32 ಹಾಕುವ ಆಸೆಯಿತ್ತು, ರಿಮ್ ಬ್ರೇಕಿನ ಕ್ಯಾಲಿಪರ್ ಬಿಡಲಿಲ್ಲ. 28 ಎಂದು ಬರೆದದ್ದೇ ರಿಮ್ಮಿನ ಮೇಲೆ ಗಾಳಿ ತುಂಬಿದ ಮೇಲೆ ನನ್ನ ವರ್ನಿಯರ್‌ನಲ್ಲಿ 29.5 ತೋರಿಸಿತು. ಗಾಳಿ ಹಿಂದೆ 75 ಪಿ.ಎಸ್.ಐ., ಮುಂದೆ 65. ಹಳೆಯದರಲ್ಲಿ 110 ಹೊಡೆಯುತ್ತಿದ್ದೆ, ರಸ್ತೆಯ ಪ್ರತಿ ಜಲ್ಲಿಯ ಪರಿಚಯವೂ ಹಲ್ಲಿಗೆ ಆಗುತ್ತಿತ್ತು. ಚೈನು ಸಾವಿರ, ಬ್ರೇಕ್ ಪ್ಯಾಡ್ ಏಳುನೂರು, ಕೇಬಲ್ ಆರುನೂರು, ಗಟ್ಟಿ ಸೀಟು ಸಾವಿರದ ಇನ್ನೂರು, ಟೇಪು ಐನೂರು, ಪಂಪು ಸಾವಿರದ ಇನ್ನೂರು. ಒಟ್ಟು ಮೂವತ್ತೈದು ಸಾವಿರ, ನೂರಿನ್ನೂರು ಆಚೀಚೆ. ಕೂಲಿ ಸೊನ್ನೆ, ಎಲ್ಲ ನನ್ನದೇ ಕೈ. ಈ ಮೊತ್ತವನ್ನು ಹೆಮ್ಮೆಯಿಂದ ಹೇಳಿದಾಗ ಮನೆಯವರು, "ಮೊದಲಿನ ಎಂಟು ಸಾವಿರ ಯಾರ ಲೆಕ್ಕಕ್ಕೆ ಹೋಯಿತು ರೀ?" ಎಂದು ಕೇಳಿದರು. ಆ ಪ್ರಶ್ನೆ ಇನ್ನೂ ಬಾಕಿ ಇದೆ.

ನಡುವೆ ಚೈನಿನ ಹುಚ್ಚೂ ಹತ್ತಿತು. ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ನೂರೈವತ್ತು ಕಿಲೋಮೀಟರಿಗೆ ಮಸಿ. 90 ನಂಬರಿನ ಗೇರ್ ಆಯಿಲ್ ಹಾಕಿದರೆ ಸದ್ದೇ ಇಲ್ಲ, ಆದರೆ ವಾರದಲ್ಲಿ ಚೈನು ಎಳ್ಳುಂಡೆಯಾಗುತ್ತದೆ. ಕೊನೆಗೆ ಮೇಣದಬತ್ತಿಗೆ ಬಂದೆ. ಚೈನನ್ನು ಸೀಮೆಎಣ್ಣೆಯಲ್ಲಿ, ಆಮೇಲೆ ಪೆಟ್ರೋಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬವಿಟ್ಟು ಕರಗಿಸಿದ ಮೇಣದಲ್ಲಿ ಹತ್ತು ನಿಮಿಷ ಮುಳುಗಿಸಬೇಕು. ಪೆಟ್ರೋಲಿನ ಕೆಲಸ ಬಯಲಲ್ಲಿ, ಒಲೆಯ ಕೆಲಸ ಇನ್ನೊಂದು ದಿನ, ಎರಡನ್ನೂ ಬೆರೆಸಬೇಡಿ. ಮುನ್ನೂರು ಕಿಲೋಮೀಟರಿಗೆ ಕೀರಲು ದನಿ ಬರುತ್ತದೆ, ಮಳೆ ಸಿಕ್ಕಿದರೆ ಅದೇ ದಿನ. ಹನ್ನೆರಡು ಜೋಡಿ ಕೊಂಡಿಯ ಉದ್ದ ಹೊಸದರಲ್ಲಿ 304.8 ಎಂ.ಎಂ. ಎಣ್ಣೆ ಹಾಕಿದ ಚೈನು 1,800 ಕಿ.ಮೀ.ಗೇ 306.4 ಮುಟ್ಟಿ ಗುಜರಿಗೆ ಹೋಯಿತು. ಮೇಣದ್ದು 2,400ಕ್ಕೆ ಇನ್ನೂ 305.5. ಮೇಣಕ್ಕೆ ಒಂದು ಪುಡಿ ಬೆರೆಸುತ್ತೇನೆ, ಅದು ಯಾವುದು, ಎಷ್ಟು ಎನ್ನುವುದು ಫಿಲ್ಟರ್ ಕಾಫಿ ಕೊಡಿಸಿದವರಿಗೆ ಮಾತ್ರ.

ಜೋಮು ಪೂರ್ತಿ ಹೋಯಿತೇ ಎಂದರೆ, ಇಲ್ಲ. ಗುಂಡ್ಲುಪೇಟೆಗೆ ಹೋಗಿ ಬಂದ 120 ಕಿಲೋಮೀಟರಿನಲ್ಲಿ ಕೊನೆಯ ಇಪ್ಪತ್ತಕ್ಕೆ ಎಡಗೈ ಕಿರುಬೆರಳು ಮತ್ತೆ ಮರಗಟ್ಟಿತು. ಎಡ ಹುಡ್ (ಬ್ರೇಕ್ ಲಿವರಿನ ಮೇಲಿನ ರಬ್ಬರು ಹಿಡಿ) ಬಲಕ್ಕಿಂತ ಅರ್ಧ ಸೆಂಟಿಮೀಟರ್ ಕೆಳಗಿದ್ದದ್ದು ಅಳೆದಾಗ ಕಂಡಿತು. ಟೇಪು ಬಿಚ್ಚಿ, ಸರಿ ಮಾಡಿ, ಮತ್ತೆ ಸುತ್ತಿದೆ. ಬ್ರೆವೆಯಲ್ಲಿ 170 ಕಿ.ಮೀ.ವರೆಗೆ ತೊಂದರೆ ಬರಲಿಲ್ಲ.

ಕುತ್ತಿಗೆ ಹಿಡಿದುಕೊಂಡು ನಿಂತಿದ್ದ ಗೆಳೆಯರು ಹೋದ ಭಾನುವಾರ ಮನೆಗೆ ಬಂದರು. ಕುದುರೆ ಇನ್ನೂ ಇದೆಯೇ ಮೇಷ್ಟ್ರೇ ಎಂದರು. ಹಿತ್ತಿಲಲ್ಲಿ ಅದರ ಮೇಲೆ ಒಣಹಾಕಿದ್ದ ಟವೆಲುಗಳನ್ನು ತೆಗೆದು ಅವರನ್ನು ಹತ್ತಿಸಿದೆ. ಮುಕ್ಕಾಲು ಗಂಟೆ ತೂತು ಬದಲಿಸಿದ ಮೇಲೆ ತಿಳಿದದ್ದು, ಅವರ ಲಕ್ಷದ ಬೈಕು ಅವರಿಗೆ ಮೂರು ಸೆಂಟಿಮೀಟರ್ ಉದ್ದ. ಗಿಡ್ಡ ಸ್ಟೆಮ್ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದರು. ನನ್ನ ಹಳೆಯ 60 ಎಂ.ಎಂ. ಸ್ಟೆಮ್ ಕಪಾಟಿನಲ್ಲೇ ಇತ್ತು. ಹಾಕಿ ನೋಡಿ ಎಂದು ಕೊಟ್ಟು ಕಳಿಸಿದ್ದೇನೆ.