ಒಬ್ಬರ ಫಿಲ್ಟರ್ ಇನ್ನೊಬ್ಬರ ಪುಟದಲ್ಲಿ: ಜಾಂಗೊ ವ್ಯೂ ಕ್ಲಾಸಿನಲ್ಲಿ ನಾನು ಕಂಡ ದೋಷ

ನಾನು ಜಾಂಗೊದಲ್ಲಿ (ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವ ಫ್ರೇಮ್‌ವರ್ಕ್) ಬರೆದಿದ್ದ ಹುಡುಕಾಟದ ಪುಟದಲ್ಲಿ, ಒಬ್ಬ ಬಳಕೆದಾರರು ಆರಿಸಿದ ಫಿಲ್ಟರ್‌ಗಳು ಕೆಲವೊಮ್ಮೆ ಇನ್ನೊಬ್ಬರ ಫಲಿತಾಂಶಕ್ಕೂ ಅನ್ವಯವಾಗುತ್ತಿದ್ದವು. ಸರ್ವರಿನಲ್ಲಿ ರಿಕ್ವೆಸ್ಟ್‌ಗಳನ್ನು ಹಂಚಿಕೊಂಡು ನಿರ್ವಹಿಸುವ ಹಲವು ವರ್ಕರ್ ಪ್ರೊಸೆಸ್‌ಗಳಿದ್ದು, ಪ್ರತಿಯೊಂದರ ಮೆಮೊರಿಯೂ ಪ್ರತ್ಯೇಕವಾಗಿದ್ದುದರಿಂದ, ದೋಷವು ಒಮ್ಮೆ ಕಂಡು ಒಮ್ಮೆ ಕಾಣದೆ ನನ್ನನ್ನು ಬಹಳ ದಾರಿ ತಪ್ಪಿಸಿತು. ನಾನು ಮೊದಲು ಸಂಶಯಪಟ್ಟದ್ದು ಕ್ಯಾಶ್ (cache, ಹಿಂದಿನ ಫಲಿತಾಂಶಗಳ ತಾತ್ಕಾಲಿಕ ಸಂಗ್ರಹ) ಅನ್ನು.

ವ್ಯೂ ಕ್ಲಾಸ್ ಎಂದರೆ ರಿಕ್ವೆಸ್ಟಿಗೆ ಉತ್ತರ ಕೊಡುವ ಕ್ಲಾಸ್. ಅದನ್ನು ಯುಆರ್‌ಎಲ್‌ಗೆ ಜೋಡಿಸಲು ಬಳಸುವ ಆಸ್‌ವ್ಯೂ (as_view) ಹಿಂದಿರುಗಿಸುವ ಫಂಕ್ಷನ್ ಪ್ರತಿ ರಿಕ್ವೆಸ್ಟಿಗೂ ಕ್ಲಾಸಿನ ಹೊಸ ಆಬ್ಜೆಕ್ಟನ್ನು ಸೃಷ್ಟಿಸುತ್ತದೆ ಎಂಬುದು ನನಗೆ ತಿಳಿದಿತ್ತು, ಮತ್ತು ಆ ತಿಳಿವಳಿಕೆ ಸರಿಯಾಗಿಯೇ ಇತ್ತು. ಆದರೆ ನಾನು ಖಾಲಿ ಲಿಸ್ಟೊಂದನ್ನು ಕ್ಲಾಸಿನೊಳಗೆ, ಮೆಥಡ್‌ಗಳ ಹೊರಗೆ ಬರೆದು, ಪುಟವನ್ನು ಕೇಳಿದಾಗ ಓಡುವ ಗೆಟ್ ಮೆಥಡ್‌ನಲ್ಲಿ ಅದಕ್ಕೆ ಫಿಲ್ಟರ್‌ಗಳನ್ನು ಅಪೆಂಡ್ ಮಾಡುತ್ತಿದ್ದೆ (ಕೊನೆಗೆ ಸೇರಿಸುತ್ತಿದ್ದೆ). ಮಾಡ್ಯೂಲ್ ಲೋಡ್ ಆಗುವಾಗ ಒಮ್ಮೆ ಮಾತ್ರ ಹುಟ್ಟುವ ಆ ಲಿಸ್ಟು ಆ ಪ್ರೊಸೆಸ್ಸಿನ ಎಲ್ಲ ಆಬ್ಜೆಕ್ಟ್‌ಗಳಿಗೂ ಒಂದೇ. ಸೆಲ್ಫ್ (ಆಯಾ ಆಬ್ಜೆಕ್ಟನ್ನೇ ಸೂಚಿಸುವ ಹೆಸರು) ಮೂಲಕ ಹೊಸ ಲಿಸ್ಟನ್ನು ನಿಯೋಜಿಸಿದರೆ ಅದು ಆ ಆಬ್ಜೆಕ್ಟಿನ ಸ್ವಂತದ್ದಾಗುತ್ತದೆ. ಅಪೆಂಡ್ ಮಾಡಿದರೆ ಹೊಸದೇನೂ ಹುಟ್ಟದೆ, ಎಲ್ಲರೂ ಹಂಚಿಕೊಂಡಿರುವ ಲಿಸ್ಟೇ ಬೆಳೆಯುತ್ತದೆ.

ಇದನ್ನು ಸರಿಪಡಿಸಲು, ಜಾಂಗೊ 2.2ರಿಂದ ಲಭ್ಯವಿರುವ, ಪ್ರತಿ ರಿಕ್ವೆಸ್ಟಿನ ಆರಂಭದಲ್ಲಿ ಓಡುವ ಸೆಟಪ್ ಮೆಥಡನ್ನು ನನ್ನ ಕ್ಲಾಸಿನಲ್ಲಿ ಮರುಬರೆದು, ಮೊದಲು ಸೂಪರ್ (ಮೂಲ ಕ್ಲಾಸಿನ ಮೆಥಡನ್ನು ಕರೆಯುವ ವಿಧಾನ) ಮೂಲಕ ಮೂಲದ ಸೆಟಪ್ಪನ್ನು ಕರೆದು, ಅನಂತರ ಖಾಲಿ ಲಿಸ್ಟನ್ನು ಸೆಲ್ಫ್‌ಗೆ ನಿಯೋಜಿಸಿದೆ. ಯುಆರ್‌ಎಲ್ ಕಡತದಲ್ಲಿ ಆಸ್‌ವ್ಯೂಗೆ ಲಿಸ್ಟನ್ನೇ ಆರ್ಗ್ಯುಮೆಂಟ್ ಆಗಿ ಕೊಡುವ ಯೋಚನೆಯೂ ಬಂದಿತ್ತು. ಅದೂ ಒಮ್ಮೆ ಮಾತ್ರ ಸೃಷ್ಟಿಯಾಗಿ ಎಲ್ಲ ರಿಕ್ವೆಸ್ಟ್‌ಗಳಿಗೂ ಹಂಚಿಹೋಗುವುದರಿಂದ ಕೈಬಿಟ್ಟೆ.

ಈಗ ಒಂದು ಟೆಸ್ಟ್ ಮೊದಲು ಫಿಲ್ಟರ್ ಸಹಿತ, ಕೂಡಲೇ ಫಿಲ್ಟರ್ ರಹಿತ ರಿಕ್ವೆಸ್ಟ್ ಕಳುಹಿಸಿ, ಎರಡನೆಯದರಲ್ಲಿ ಎಲ್ಲ ದಾಖಲೆಗಳೂ ಬಂದಿವೆಯೇ ಎಂದು ಪರೀಕ್ಷಿಸುತ್ತದೆ.