ಕಾಯಿಲೆಯ ದಿನಗಳನ್ನು ಚಿತ್ರ ಬರೆಸುವುದು ಹೇಗೆ

'ಕ್ಯಾನ್ಸರ್ ಮೇಲೆ ಒಂದು ಚಿತ್ರ ಮಾಡಿಕೊಡಿ' ಎಂದು ಕಲಾವಿದರಿಗೆ ಹೇಳಿ ಬಂದರೆ ಸಿಗುವುದು ಸೂರ್ಯೋದಯ, ಇಲ್ಲವೆ ಕಡಿದ ಬೊಡ್ಡೆಯಲ್ಲಿ ಒಂದು ಚಿಗುರು. ತಪ್ಪು ಅವರದಲ್ಲ. ಕಾಯಿಲೆಯ ಹೆಸರಿನಿಂದ ಚಿತ್ರ ಹುಟ್ಟುವುದಿಲ್ಲ, ಕಾಯಿಲೆ ಇರುವವರ ದಿನದಿಂದ ಹುಟ್ಟುತ್ತದೆ. ಹಾಗಾಗಿ ಕಲಾವಿದರನ್ನು ಹುಡುಕುವ ಮೊದಲೇ ಒಂದು ವಾರದ ದಿನಚರಿ ಬರೆದಿಟ್ಟುಕೊಳ್ಳಿ. ಎಷ್ಟಕ್ಕೆ ಏಳುತ್ತಾರೆ, ಯಾವ ಬಸ್ಸು, ಏನು ತಿಂದರೆ ಹೊಟ್ಟೆಯಲ್ಲಿ ನಿಲ್ಲುತ್ತದೆ, ಯಾವ ಹೊತ್ತಿಗೆ ಮಾತು ಬೇಡವಾಗುತ್ತದೆ, ಇಷ್ಟು ಸಾಕು.

ಡಯಾಲಿಸಿಸ್ ಉದಾಹರಣೆ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಹೋದ ಕೂಡಲೇ ತೂಕ, ಮುಗಿದ ಮೇಲೆ ಮತ್ತೆ ತೂಕ. ನಡುವಿನ ವ್ಯತ್ಯಾಸವೇ ಹೆಚ್ಚುಕಡಿಮೆ ಮೈಯಿಂದ ತೆಗೆದ ನೀರು. ಮನೆಯಲ್ಲಿ ಇಡೀ ದಿನಕ್ಕೆಂದು ಅಳೆದಿಟ್ಟ ಒಂದು ಚೊಂಬು ನೀರು, ಮುಂಗೈಯ ಫಿಸ್ಟುಲಾದ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟರೆ ಸಿಗುವ ಜುಮ್ಮೆನ್ನುವ ಕಂಪನ. ಹೊಸನಗರದ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಹೋಗುವವರಿಗೆ ಈ 4 ಗಂಟೆಯ ಮೇಲೆ ಬಸ್ಸಿನ ಹೊತ್ತೂ ಸೇರುತ್ತದೆ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ. ಕಲಾವಿದರ ಕೈಗೆ ಹೋಗಬೇಕಾದದ್ದು ಈ ತೂಕದ ಪುಸ್ತಕ ಮತ್ತು ಆ ಚೊಂಬು. 'ಧೈರ್ಯ', 'ಭರವಸೆ' ಎಂಬ ಮಾತುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.

ಯಾರಿಂದ ಬರೆಸುವುದು

ಪೇಟೆಯ ಗ್ಯಾಲರಿ ಹುಡುಕಬೇಕಾಗಿಲ್ಲ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ: ಕೆಮ್ಮಣ್ಣಿನ ನೆಲೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿನಾರು. ಎಳೆ ಎಣಿಸಿ ಬರೆಯುವ ಈ ಕಲೆಗೆ ಮೇಲಿನ 156 ಚೆನ್ನಾಗಿ ಒಗ್ಗುತ್ತದೆ. ಆದರೆ ಹಸೆ ಮದುವೆಯ ಚಿತ್ತಾರ, ಮಂಗಳದ್ದು. ಕಾಯಿಲೆಯನ್ನು ಅದರಲ್ಲಿ ತರಲು ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಮೊದಲ ಭೇಟಿಯಲ್ಲೇ ಕೇಳಿಬಿಡಿ, ಒಲ್ಲೆ ಎಂದರೆ ಒತ್ತಾಯ ಬೇಡ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯಂಥ ಬೇರೆ ವಸ್ತುವಿನ ಮೇಲೆ ಬರೆಯಲು ಅವರೇ ಒಪ್ಪಬಹುದು. ಮರದಲ್ಲಿ ಬೇಕೆಂದರೆ ಸಾಗರದ ಗುಡಿಗಾರರಿದ್ದಾರೆ. ಶ್ರೀಗಂಧ ದುಬಾರಿ, ಕಾನೂನಿನ ಕಟ್ಟುಪಾಡೂ ಉಂಟು, ಶಿವನಿ ಮರ ಸಾಕು. ನೀರುಬಣ್ಣ, ಪೆನ್ಸಿಲ್ಲಿನವರಾದರೆ ಹಿಂದಿನ ಕೆಲಸದಲ್ಲಿ ಒಂದನ್ನೇ ನೋಡಿ: ಕೈಗಳನ್ನು ಹೇಗೆ ಬರೆದಿದ್ದಾರೆ? ಮುಖ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ. ಸೂಜಿ ಚುಚ್ಚಿಸಿಕೊಂಡ ಕೈ ಬರೆಯಬಲ್ಲವರು ಕಮ್ಮಿ.

ಹೂಂ ಅನ್ನಬೇಕಾದವರು

ಬರೆಸುವುದು ಮಗ, ದುಡ್ಡು ಕೊಡುವುದು ಅಳಿಯ, ಕಾಯಿಲೆ ಅಮ್ಮನಿಗೆ. ಇಲ್ಲಿ 'ಬೇಡ' ಎನ್ನುವ ಹಕ್ಕು ಅಮ್ಮನದೇ, ಅದನ್ನು ಕಲಾವಿದರ ಎದುರಿಗೇ ಹೇಳಿಬಿಡಬೇಕು. ಮೂರು ಹಂತದಲ್ಲಿ ಕೇಳಿ: ಶುರುವಿಗೆ ಮೊದಲು, ರಫ್ ಸ್ಕೆಚ್ ಆದ ಮೇಲೆ, ಹೊರಗಿನವರಿಗೆ ತೋರಿಸುವ ಮುಂಚೆ. ಮೊದಲನೆಯ ಹೂಂ ಮೂರನೆಯದಕ್ಕೆ ನಡೆಯುವುದಿಲ್ಲ. ಮನೆಯೊಳಗೆ ಇರಲಿ ಎಂದವರು ಸಾಗರದ ಒಂದು ಪ್ರದರ್ಶನಕ್ಕೆ ಒಲ್ಲೆ ಎನ್ನಬಹುದು, ನೆಂಟರ ಬಾಯಿ ಅವರಿಗೆ ಗೊತ್ತಿರುತ್ತದೆ.

ಪ್ರತಿ ಸಲವೂ ಕಲಾವಿದರು ಬಾಗಿಲಲ್ಲೇ ಹೇಳಬೇಕಾದ ಮಾತು ಒಂದಿದೆ: 'ಅಮ್ಮಾ, ಇವತ್ತು ಬೇಡ ಅನ್ಸಿದ್ರೆ ಹೇಳಿ, ಕಾಫಿ ಕುಡ್ಕೊಂಡು ಹೋಗ್ತೀನಿ.' ಇದನ್ನು ಒಪ್ಪಂದದಲ್ಲೇ ಬರೆಯಿರಿ ಎಂದರೆ ನಗಬೇಡಿ. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಜ್ವರದಲ್ಲೂ ಎದ್ದು ಕೂರುವ ಹೆಂಗಸರು ನಮ್ಮ ಕಡೆ ತುಂಬಾ.

ಆಸ್ಪತ್ರೆಯೊಳಗೆ ಫೋಟೊ, ಸ್ಕೆಚ್ ಬೇಕಿದ್ದರೆ ಆಸ್ಪತ್ರೆಯ ಮುಖ್ಯಸ್ಥರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಪಕ್ಕದ ಹಾಸಿಗೆಯವರ ಮುಖ ಬರಬಾರದು, ಫೈಲಿನ ನಂಬರು ಕಾಣಬಾರದು. ಎಚ್‌ಐವಿ ಇರುವವರ ವಿಷಯದಲ್ಲಿ ಬರಹದ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವುದನ್ನು 2017ರ ಕಾಯ್ದೆಯೇ ತಡೆಯುತ್ತದೆ.

ಕೂರುವ ದಿನ, ಕೂರುವ ಹೊತ್ತು

ಹೆಚ್ಚಿನವರು ಎಡವುವುದು ಇಲ್ಲೇ. ಡಯಾಲಿಸಿಸ್ ಆದ ದಿನ ಸುಸ್ತು, ಮಾರನೆಯ ದಿನ ಬೆಳಿಗ್ಗೆ ವಾಸಿ. ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಕೊಡುವ ಕೀಮೋ ಔಷಧವಾದರೆ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಸೋಂಕು ಬೇಗ ತಗಲುವುದರಿಂದ ಹೊರಗಿನವರು ಬರುವುದೇ ಬೇಡ. ಮೂರನೆಯ ವಾರ ಇಟ್ಟುಕೊಳ್ಳಿ, ಔಷಧದ ಕ್ರಮ ಬೇರೆ ಇದ್ದರೆ ವೈದ್ಯರನ್ನು ಕೇಳಿ ದಿನ ಗೊತ್ತುಮಾಡಿ. ಕಲಾವಿದರಿಗೆ ನೆಗಡಿಯಿದ್ದರೆ ಅವತ್ತಿನದು ರದ್ದು. ಒಂದು ಸಲಕ್ಕೆ 20ರಿಂದ 30 ನಿಮಿಷ, ಒಟ್ಟು 5-6 ಸಲ. 'ಇನ್ನೊಂದು ಐದು ನಿಮಿಷ' ಎನ್ನುವ ಕಲಾವಿದರಿಗೆ ಗಡಿಯಾರ ತೋರಿಸುವ ಕೆಲಸ ಮನೆಯವರದು.

ತೈಲವರ್ಣ, ಟರ್ಪೆಂಟೈನ್ ಆ ಕೋಣೆಗೆ ಬೇಡ, ಕೀಮೋದವರಿಗೆ ಅದರ ವಾಸನೆಗೇ ವಾಂತಿ ಬರುತ್ತದೆ. ಶ್ವಾಸಕೋಶದ ಕಾಯಿಲೆಯವರ ಮುಂದೆ ಇದ್ದಿಲಿನ ಪುಡಿಯೂ ಬೇಡ. ರೋಗನಿರೋಧಕ ಶಕ್ತಿ ಕುಗ್ಗಿದವರ ಕೈಗೆ 'ನೀವೂ ಸ್ವಲ್ಪ ಮುಟ್ಟಿ' ಎಂದು ಹಸಿ ಜೇಡಿಮಣ್ಣು ಕೊಡಬಾರದು, ಮಣ್ಣಿನಲ್ಲಿ ಶಿಲೀಂಧ್ರದ ಬೀಜಾಣು ಇರುತ್ತದೆ. ಫಿಸ್ಟುಲಾ ಇರುವ ಕೈಯನ್ನು ಭಂಗಿಗಾಗಿ ಮಡಚಿಸುವುದು, ಅದರ ಮೇಲೆ ಭಾರ ಬಿಡಿಸುವುದು ಕೂಡದು.

ಇನ್ನು ಕಾಲ. ನವರಾತ್ರಿಯ ಹೊತ್ತಿಗೆ ಮಾತು ಮುಗಿಸಿ, ನವೆಂಬರಿನಿಂದ ಕೂರಿಸಿ, ಏಪ್ರಿಲ್‌ನೊಳಗೆ ಫ್ರೇಮ್ ಹಾಕಿಸಿ. ಜೂನ್ ಬಂತೆಂದರೆ ನೀರುಬಣ್ಣ ಒಣಗುವುದಿಲ್ಲ, ಕಾಗದ ಅಲೆಯೇಳುತ್ತದೆ. ಆದರೆ ನವೆಂಬರ್ ಅಂದರೆ ಅಡಿಕೆ ಗೊನೆಯ ಕೊಯ್ಲು, ನೋಡಿಕೊಳ್ಳುವವರಿಗೆ ಪುರುಸೊತ್ತಿಲ್ಲ. ಹಾಗಿದ್ದರೂ ಆ ದಿನಗಳನ್ನು ತಪ್ಪಿಸಬೇಡಿ. ಒಳಕೋಣೆಯಲ್ಲಿ ಮಲಗಿದವರ ಕಿವಿಗೆ ರಾತ್ರಿಯಿಡೀ ಹೊರಗೆ ಅಡಿಕೆ ಸುಲಿಯುವ ಸದ್ದು ಬೀಳುತ್ತಿರುತ್ತದೆ. ಆ ಮನೆಯ ಕಾಯಿಲೆಗೆ ಅದಕ್ಕಿಂತ ಹತ್ತಿರದ ಚಿತ್ರ ಇನ್ನೊಂದಿಲ್ಲ.

ಊರಿನ ಸಂಘವೊಂದು ಮಂಗನ ಕಾಯಿಲೆಯ ಬಗ್ಗೆ ಬರೆಸುವುದಾದರೂ ಇದೇ ಲೆಕ್ಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಸತ್ತ ಮಂಗವನ್ನು ಎಲ್ಲರೂ ಬರೆಯುತ್ತಾರೆ. ಕಾಯಿಲೆ ಹರಡುವ ಉಣುಗು ಹತ್ತುವುದು ದರಕು (ಒಣಗಿದ ಎಲೆ) ತರಲು ಹೋದವರಿಗೆ, ಜ್ವರ ಬಿಟ್ಟ ಮೇಲೂ ಸುಸ್ತು ಎಷ್ಟೋ ದಿನ ಬಿಡುವುದಿಲ್ಲ. ಖಾಲಿ ದರಕಿನ ಬುಟ್ಟಿ ಬರೆಯಲಿ.

ದುಡ್ಡು ಮತ್ತು ಕಾಗದ

ಬಾಯಿಮಾತು ಸಾಲದು, ಒಂದು ಹಾಳೆಯಾದರೂ ಬರೆದು ಇಬ್ಬರೂ ಸಹಿ ಮಾಡಿ. ಹಣವನ್ನು ಮೂರು ಕಂತು ಮಾಡುವುದು ವಾಸಿ: ಅಡ್ವಾನ್ಸ್ ಶೇ 30, ರಫ್ ಸ್ಕೆಚ್ ಒಪ್ಪಿದಾಗ ಶೇ 40, ಕೆಲಸ ಕೈಗೆ ಬಂದಾಗ ಶೇ 30. ಸಾಮಾನು, ಬಸ್ ಚಾರ್ಜು ಬೇರೆ. ರೋಗಿಗೆ ಆಗುವುದಿಲ್ಲ ಎಂದು ಬಾಗಿಲಿಂದ ಹಿಂದೆ ಹೋದ ದಿನಕ್ಕೂ ಅರ್ಧ ಕೂಲಿ ಕೊಡಿ, ಇಲ್ಲದಿದ್ದರೆ ಎರಡನೇ ಸಲಕ್ಕೆ ಕಲಾವಿದರು ಅವಸರ ಮಾಡುತ್ತಾರೆ. ತಿದ್ದುಪಡಿ ಎಷ್ಟು ಸಲ ಎಂದೂ ಬರೆಯಿರಿ. ರಫ್‌ನಲ್ಲಿ ಎರಡು ಸಲ, ಬಣ್ಣ ಹಾಕಿದ ಮೇಲೆ ಇಲ್ಲ. 'ಸ್ವಲ್ಪ ನಗುಮುಖ ಮಾಡಿ' ಎಂಬ ತಿದ್ದುಪಡಿ ನೆಂಟರಿಂದ ಬಂದೇ ಬರುತ್ತದೆ, ಯಾರ ಮಾತು ನಡೆಯುತ್ತದೆ ಎಂದು ಒಬ್ಬರ ಹೆಸರು ಹಾಕಿ.

ಹಕ್ಕಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರ, ತೆಗೆಸಿದ ಫೋಟೊಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಕೃತಿಸ್ವಾಮ್ಯ ಬರೆಸಿದವರದು. ಆ ಪಟ್ಟಿಯಲ್ಲಿ ಶಿಲ್ಪ ಇಲ್ಲ. ಹಾಗಾಗಿ ಗುಡಿಗಾರರ ಕೆತ್ತನೆಯ ಹಕ್ಕು ಯಾರದೆಂದು ಸ್ಪಷ್ಟವಾಗಿ ಬರೆಯಲೇಬೇಕು. ಹಕ್ಕು ಯಾರಲ್ಲಿದ್ದರೂ ಕಲಾವಿದರ ಹೆಸರು ತೆಗೆಯುವಂತಿಲ್ಲ, ಅವರ ಮರ್ಯಾದೆಗೆ ಕುಂದು ಬರುವಂತೆ ಕೆಲಸವನ್ನು ಕೆಡಿಸುವಂತಿಲ್ಲ. ಅದು 57ನೇ ಕಲಂ.

ಬರೆಯಲು ಕೈ ನಡುಗುವ ಸಾಲೊಂದಿದೆ: ಕೆಲಸದ ನಡುವೆ ಅವರು ತೀರಿಕೊಂಡರೆ? ಅದನ್ನು ಅವರು ಇರುವಾಗಲೇ, ಅವರನ್ನೇ ಕೇಳಿ ಬರೆಯಿರಿ. ಅಲ್ಲಿಗೆ ನಿಲ್ಲಿಸಿ ಆದಷ್ಟಕ್ಕೆ ಹಣ ಕೊಡುವುದೋ, ಮುಗಿಸುವುದೋ, ಹೇಗಿದೆಯೋ ಹಾಗೇ ಇಡುವುದೋ, ಸ್ಕೆಚ್‌ಗಳು ಯಾರ ಹತ್ತಿರ ಇರಬೇಕೋ. ಇದು ಬರೆದಿಲ್ಲದ ಮನೆಗಳಲ್ಲಿ ಹದಿಮೂರನೇ ದಿನದ ಮೊದಲೇ ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯುತ್ತದೆ.

ಗೋಡೆಗೆ ಹಾಕುವಾಗ

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ಆಮ್ಲರಹಿತ. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಹಿಂದೆ ಕಾಗದ ಅಂಟಿಸಿ ಸಂದು ಮುಚ್ಚಿಸಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆ, ಒಲೆಯ ಹೊಗೆ ಬರುವ ಗೋಡೆ, ಗೆದ್ದಲು ಹತ್ತಿದ ಮಣ್ಣುಗೋಡೆ ಮೂರೂ ಬೇಡ. ಅಕ್ಕಿಬಿಳಿಯ ಚಿತ್ತಾರಕ್ಕೆ ಬೂಷ್ಟು, ಹುಳು ಬೇಗ. ಗೋಡೆಯ ಮೇಲಿನದಾದರೆ ಮತ್ತೆ ಬರೆಯಬಹುದು, ಬಟ್ಟೆಯ ಮೇಲಿನದನ್ನು ಗಾಜಿನೊಳಗೇ ಇಡಿ.

ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ದಿನ ಫ್ರೇಮ್ ಇಳಿಸಿ ಹಿಂಬದಿ ನೋಡಿ, ಮೂಸಿ ನೋಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಹಾಕಬೇಡಿ, ಅಂಗಳಕ್ಕೆ ಒಯ್ದು ಮಾಸ್ಕ್ ಹಾಕಿಕೊಂಡು ಒಣ ಕುಂಚದಿಂದ ಹೊರಮುಖವಾಗಿ ಗುಡಿಸಿ. ಕಾಯಿಲೆಯವರು ಮಲಗುವ ಕೋಣೆಯ ಕಿಟಕಿಯಿಂದ ದೂರ ಮಾಡಿ, ಆ ಧೂಳು ಅವರ ಉಸಿರಿಗೆ ಹೋಗಬಾರದು.